ಜೋಡಿ ಬಿಡಿಸಿ ಕೊಡಲಾಗುವುದಿಲ್ಲ

ಕಾರು ಮತ್ತೊಮ್ಮೆ ಮುಗ್ಗರಿಸಿತು. "ಕಾಲು ತೆಗಿಯೇ ತಾಯಿ," ಎಂದಳು ಕ್ಲಚ್ಚಮ್ಮ, ರಸ್ತೆಯಿಂದ ಕಣ್ಣು ಕೀಳದೆ. ಪಕ್ಕದಲ್ಲಿದ್ದ ದೊಡ್ಡವಳು ಬಗ್ಗಿ ನೋಡಿದರೆ ಅವಳ ಬಲಗಾಲು ಅವಳನ್ನು ಒಂದು ಮಾತೂ ಕೇಳದೆ ಹೋಗಿ ಬ್ರೇಕಿನ ಮೇಲೆ ಕೂತಿತ್ತು. ಡ್ರೈವಿಂಗ್ ಸ್ಕೂಲಿನ ಕಾರು. ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ಕಲಿಯುವವರು ಕಂಬಕ್ಕೆ ಗುದ್ದುವ ಮೊದಲು ಕಲಿಸುವವಳು ಒತ್ತಬೇಕಲ್ಲ, ಅದಕ್ಕೆ. ಆ ಸೀಟಿನಲ್ಲಿ ಕೂತು ವಾರವಿಡೀ "ಕ್ಲಚ್ಚು ಕಣಮ್ಮಾ, ಕ್ಲಚ್ಚು!" ಎಂದು ಕಿರುಚಿ ಕಿರುಚಿಯೇ ಗೆಳತಿಗೆ ಆ ಹೆಸರು ಅಂಟಿದ್ದು, ಅವಳ ಗಂಡನೂ ಫೋನಿನಲ್ಲಿ ಹಾಗೇ ಬರೆದಿಟ್ಟುಕೊಂಡಿದ್ದಾನಂತೆ. ಇವತ್ತು ಅವಳು ಸ್ಟೀರಿಂಗಿನ ಹಿಂದೆ, ದೊಡ್ಡವಳು ಕಲಿಸುವವಳ ಸೀಟಿನಲ್ಲಿ. ಕಾರಿನ ನೆತ್ತಿಯ ಮೇಲೆ 'ಕಲಿಯುತ್ತಿದ್ದಾರೆ, ದೂರವಿರಿ' ಎಂಬ ಬೋರ್ಡು ಹಾಗೇ ಇತ್ತು. ಲಾರಿಯವರು ಕೂಡ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ದೊಡ್ಡವಳಿಗೆ ಅದು ಬಹಳ ಹಿಡಿಸಿತು. ಇಷ್ಟು ವಯಸ್ಸಾಯಿತು, ಇಷ್ಟು ಜನ ಒಟ್ಟಿಗೆ ತನಗೆ ದಾರಿ ಬಿಟ್ಟಿದ್ದು ಇದೇ ಮೊದಲು.

"ನಾನೇನು ಬೇಕಂತ ಒತ್ತಿದ್ನಾ?"

"ಬೇಕಂತ ಒತ್ತೋರನ್ನ ತಿದ್ದಬಹುದು ಕಣೇ. ನಿನ್ನಂಥೋರದ್ದೇ ಕಷ್ಟ. ಎರಡೂ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಕೋ."

ಕೂತಳು. ತೊಡೆಯ ಮೇಲೆ ಖಾಲಿ ಚೀಲ. ವಿಷಯ ಇಷ್ಟೇ: ಮನೆಯ ಹಿರಿಸೊಸೆ ದೊಡ್ಡವಳು ಒಲೆ ಬೇರೆ ಮಾಡಲು ಹೊರಟಿದ್ದಳು. ಪಕ್ಕದ ಬೀದಿಯಲ್ಲಿ ಮಹಡಿಯ ಮೇಲಿನ ಎರಡು ಕೋಣೆ ಗೊತ್ತು ಮಾಡಿಯಾಗಿತ್ತು. ಕಿಟಕಿಯ ಕೆಳಗೆ ಕಲ್ಲಿನ ಕಟ್ಟೆ, ಅದರ ಮೇಲೆ ಸಣ್ಣದೊಂದು ಒಲೆಗೆ ಜಾಗ. ಗಂಡನಿಗೆ ಹೇಳಿದಾಗ ಅವನು ಪೇಪರು ಮಡಚಿ "ನಿನ್ನಿಷ್ಟ" ಎಂದಿದ್ದ. ಈ 'ನಿನ್ನಿಷ್ಟ' ಅನ್ನುವುದು ಎಂಥ ಜಾಣ ಮಾತು! ಒಪ್ಪಿಗೆ ಕೊಟ್ಟ ಹಾಗೂ ಆಯಿತು, ನಾಳೆ ಅಮ್ಮನ ಎದುರು 'ಅವಳಿಷ್ಟ' ಎಂದು ಕೈ ತೊಳೆದುಕೊಂಡ ಹಾಗೂ ಆಯಿತು. ಅವನನ್ನು ಬಿಟ್ಟರೆ ಮನೆಯಲ್ಲಿ ಯಾರಿಗೂ ಸುಳಿವಿಲ್ಲ. ಅತ್ತೆಗಿಲ್ಲ, ಮೈದುನನಿಗಿಲ್ಲ, ಮೈದುನನ ಹೆಂಡತಿ ಚಿಕ್ಕವಳಿಗೆ ಮೊದಲೇ ಇಲ್ಲ. ಒಲೆ ಬೇರೆಯಾದ ಮನೆಗಳು ಲೋಕದಲ್ಲಿ ಎಷ್ಟಿಲ್ಲ? ಆದರೆ ಮೊದಲು ಬಾಯಿ ಬಿಟ್ಟವಳು ಮನೆ ಒಡೆದವಳು. ಅವಳ ಹಿಂದೆ ಹೋದವರು ಬರೀ ಬೇರೆ ಹೋದವರು. ಮನೆ ಒಡೆದವಳು ಎಂಬ ಹೆಸರು ಒಮ್ಮೆ ಅಂಟಿತೆಂದರೆ ಸತ್ತ ಮೇಲೂ ನಾಲ್ಕು ಜನ ಅದರಿಂದಲೇ ಗುರುತು ಹಿಡಿಯುತ್ತಾರೆ. ಆ ಹೆಸರಿಗೆ ಮಾತ್ರ ಅವಳು ಹೆದರುತ್ತಿದ್ದಳು. ಅದಕ್ಕೇ ಸದ್ಯಕ್ಕೆ ಪಾತ್ರೆ ಕೊಂಡು ಕ್ಲಚ್ಚಮ್ಮನ ಮಂಚದ ಕೆಳಗೆ ಇಡುವುದು, ಸಮಯ ನೋಡಿ ಮಾತೆತ್ತುವುದು ಎಂದು ಇಬ್ಬರೂ ತೀರ್ಮಾನಿಸಿದ್ದರು.

ಜಗಳವಾಡಿ ಹೊರಟವಳಲ್ಲ. ಜಗಳವಾಗಿದ್ದರೆ ಹೇಳುವುದಕ್ಕೆ ಒಂದು ಕಾರಣ ಸಿಗುತ್ತಿತ್ತು. ಕನ್ನಡಕದ ಅಂಗಡಿಯಲ್ಲಿ ಅವಳದು ಕಣ್ಣು ನೋಡುವ ಕೆಲಸ. ಕತ್ತಲೆ ಕೋಣೆಯಲ್ಲಿ ಗಿರಾಕಿಯ ಮೂಗಿನ ಮೇಲೆ ಲೋಹದ ಚೌಕಟ್ಟು ಕೂರಿಸಿ, ಗಾಜು ಹಾಕಿ ತೆಗೆದು, "ಈಗ ಚೆನ್ನಾಗಿ ಕಾಣತ್ತಾ, ಈಗಲಾ? ಇದಾ, ಇದಾ?" ಎಂದು ಬೆಳಗಿನಿಂದ ಸಂಜೆಯವರೆಗೆ ಕೇಳುತ್ತಾಳೆ. ಅಷ್ಟು ಕೇಳಿದರೂ ಜನ ತಬ್ಬಿಬ್ಬಾಗುತ್ತಾರೆ, ತಮ್ಮ ಕಣ್ಣಿಗೆ ಯಾವುದು ಹಿತ ಎಂದು ಹೇಳಲು ಬೆವರುತ್ತಾರೆ. ಅವರನ್ನು ಕಂಡು ಒಳಗೊಳಗೇ ನಗುತ್ತಿದ್ದವಳು ಒಂದು ಮಧ್ಯಾಹ್ನ ಊಟದ ಡಬ್ಬಿ ಮರೆತು ಬಂದು, ಅಂಗಡಿಯ ಹಿಂಬದಿಯ ಸ್ಟೌವಿನಲ್ಲಿ ಒಂದು ಮೊಟ್ಟೆ ಬೇಯಿಸಿಕೊಂಡು, ಉಪ್ಪಿನ ಡಬ್ಬಿ ಹಿಡಿದು ನಿಂತುಬಿಟ್ಟಳು. ಎಷ್ಟು ಹಾಕಬೇಕು? ಅತ್ತೆಗೆ ಕಡಿಮೆ. ಮೈದುನನಿಗೆ ಒಂದು ಕೈ ಮುಂದೆ. ಗಂಡನಿಗೆ ಹಾಕಿದ್ದೇ ಸರಿ. ಮಕ್ಕಳಲ್ಲಿ ಯಾರಿಗೆ ಎಷ್ಟು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವಳು. ತನಗೆ? ಒಂಬತ್ತು ಜನಕ್ಕೆ ಬೇಯಿಸುವವಳಿಗೆ ಎಂಟು ನಾಲಿಗೆಗಳಷ್ಟೇ ಗೊತ್ತಿದ್ದವು. ಅವತ್ತು ಮೊಟ್ಟೆಯನ್ನು ಸಪ್ಪೆಯಾಗಿಯೇ ತಿಂದಳು. ತಿನ್ನುತ್ತ ತಿನ್ನುತ್ತ ಹೋಗಬೇಕು ಅನ್ನಿಸಿತು. ಯಾರ ಮೇಲೂ ಸಿಟ್ಟಿಲ್ಲದೆ, ಕಣ್ಣೀರಿಲ್ಲದೆ, ಬಸ್ಸು ಬಂತು ಹತ್ತಬೇಕು ಅನ್ನಿಸುವ ಹಾಗೆ ಸರಳವಾಗಿ ಅನ್ನಿಸಿತು.

ಹೆದ್ದಾರಿಯ ಬದಿಯ ಹೋಟೆಲಿನಲ್ಲಿ ಚಹಾಕ್ಕೆ ನಿಂತಾಗ ಚಹಾದವನು ಬೋರ್ಡು ನೋಡಿ, "ಯಾರಮ್ಮಾ ಕಲೀತಿರೋದು?" ಎಂದ. ಕ್ಲಚ್ಚಮ್ಮ ಗಲ್ಲದಿಂದಲೇ ಗೆಳತಿಯನ್ನು ತೋರಿಸಿ, "ಇವಳು. ಈಗಷ್ಟೇ ಶುರು," ಎಂದಳು. "ಈ ವಯಸ್ಸಲ್ಲಾ?" ಎಂದು ಅವನು ಸಕ್ಕರೆ ಸುರಿದು ಕಲಕಿದ ಲೋಟ ಮುಂದಿಟ್ಟ. ದೊಡ್ಡವಳು ಕುಡಿದಳು. ಪಾಕದ ಹಾಗಿತ್ತು. ಬೇರೆ ಕೇಳಲು ಹೊಳೆಯಲಿಲ್ಲ; ಅದು ತನಗೆ ಹೆಚ್ಚೋ ಎಂಬುದೂ ಖಾತ್ರಿಯಿರಲಿಲ್ಲ.

ಅತ್ತೆಯ ಬಗ್ಗೆ ಯೋಚಿಸಿದಾಗಲೆಲ್ಲ ಕಣ್ಣಿಗೆ ಬರುವುದು ಅಡುಗೆಮನೆ ಬಾಗಿಲಿನ ಕುರ್ಚಿ. ಅದನ್ನು ಅಲ್ಲಿ ಹಾಕಿದವಳು ದೊಡ್ಡವಳೇ. ಅತ್ತೆಗೆ ಮಂಡಿ ಹಿಡಿದುಕೊಂಡ ವರ್ಷ, "ನೀವು ಕೂತ್ಕೊಳ್ಳಿ ಅತ್ತೆ, ಇನ್ನು ಮೇಲೆ ನಾನಿದ್ದೀನಿ," ಎಂದು ಕೈಯಿಂದ ಸೌಟು ತೆಗೆದುಕೊಂಡಿದ್ದಳು. ಬಂದ ನೆಂಟರೆಲ್ಲ ಸೊಸೆ ಅಂದರೆ ಹೀಗಿರಬೇಕು ಎಂದಿದ್ದರು. ಅಂದಿನಿಂದ ಅತ್ತೆ ಆ ಕುರ್ಚಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತ, ಬಂದವರಿಗೆಲ್ಲ "ನಮ್ಮನೇಲಿ ಇವತ್ತಿಗೂ ಒಂದೇ ಒಲೆ ನೋಡಿ" ಎನ್ನುತ್ತಾರೆ. ಹಾಗೆನ್ನುವಾಗ ಅವರ ಕತ್ತು ನೆಟ್ಟಗಾಗುತ್ತದೆ. ಆ ಕತ್ತನ್ನು ನಾನು ಬಗ್ಗಿಸಬೇಕಲ್ಲ ಎಂದು ದೊಡ್ಡವಳಿಗೆ ಸಂಕಟ. ಅದಕ್ಕಿಂತ ಹೆಚ್ಚಿನ ಸಂಕಟ ಚಿಕ್ಕವಳನ್ನು ನೆನೆದರೆ. ಪಾಪ, ತಾನು ಹೊರಟರೆ ಇಡೀ ಮನೆಯ ಒಲೆ ಅವಳ ತಲೆಗೆ ಬರುತ್ತದೆ. ಬೆಳಿಗ್ಗೆ ಕೂಡ ಕೆನ್ನೆ ಒತ್ತಿ ಹಿಡಿದು, "ಅಕ್ಕಾ, ಹಲ್ಲು ಸೆಳೀತಿದೆ, ಡಾಕ್ಟರ ಹತ್ರ ಹೋಗಿ ಬರ್ತೀನಿ, ಲೇಟಾಗಬಹುದು," ಎಂದಳು. ದೊಡ್ಡವಳು ಡಬ್ಬಿಯಿಂದ ಲವಂಗ ತೆಗೆದು, ಅವಳ ಬಾಯಿ ತೆರೆಸಿ, ತಾನೇ ದವಡೆಗೆ ಇಟ್ಟು, "ಕಚ್ಚಿ ಹಿಡ್ಕೋ. ನಾನೂ ಗೆಳತಿಯ ಚಿಕ್ಕಮ್ಮನ್ನ ಆಸ್ಪತ್ರೇಲಿ ನೋಡಿ ಬರ್ತೀನಿ," ಎಂದು ಇನ್ನೊಂದು ಕಡೆ ತಿರುಗಿ ಸುಳ್ಳು ಹೇಳಿದ್ದಳು. ಹಲ್ಲುನೋವಿನವಳಿಗೆ ಸುಳ್ಳು ಹೇಳುವುದು ಯಾಕೋ ಎರಡು ಪಟ್ಟು ಪಾಪ ಅನ್ನಿಸಿತ್ತು.

ಪಾತ್ರೆಗಳ ಗೋದಾಮು ಊರು ಮುಗಿದ ಮೇಲೂ ಮುಗಿಯದ ರಸ್ತೆಯೊಂದರ ಕೊನೆಗಿತ್ತು. ತಗಡಿನ ಚಾವಣಿ, ಒಳಗೆ ಎದೆಯೆತ್ತರ ಪಾತ್ರೆಗಳ ಗುಡ್ಡೆಗಳು, ಅವುಗಳ ನಡುವೆ ಒಬ್ಬರೇ ನುಸುಳುವಷ್ಟು ದಾರಿ, ಹುಲ್ಲು, ಹಳೆ ಪೇಪರು, ಹೊಸ ಲೋಹದ ಹಸಿ ವಾಸನೆ. ಎಲ್ಲರೂ ಏನನ್ನಾದರೂ ಬಡಿಯುತ್ತಿದ್ದರು. ದೊಡ್ಡವಳಿಗೆ ಹುರುಪು ಬಂತು. ಪಾತ್ರೆ ಆರಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಬೆರಳಿನ ಗೆಣ್ಣಿನಿಂದ ತಳಕ್ಕೆ ಎರಡು ಸಲ ಬೇಗ, ಒಂದು ಸಲ ತಡೆದು ತಟ್ಟಿ, ಕಿವಿಗೆ ಹಿಡಿದರೆ ತಳ ದಪ್ಪವೋ ತೆಳುವೋ ಅದೇ ಹೇಳುತ್ತದೆ. ಮದುವೆಯಾದ ಹೊಸತರಲ್ಲಿ ಅತ್ತೆ ಕಲಿಸಿದ್ದು. ತೋಳು ಮಡಚಿ ಗುಡ್ಡೆಗಳ ನಡುವೆ ನುಗ್ಗಿದಳು. ಅವಳ ಕೈ ಸೀದಾ ಹೋಗಿ ನಿಂತದ್ದು ಮಗುವನ್ನು ಕೂರಿಸಿ ಸ್ನಾನ ಮಾಡಿಸುವಷ್ಟು ದೊಡ್ಡ ತಪ್ಪಲೆಯ ಮೇಲೆ.

"ಯಾರಿಗೆ ಅದು?" ಎಂದಳು ಕ್ಲಚ್ಚಮ್ಮ. "ಬೀದಿಗೆಲ್ಲ ಊಟ ಹಾಕ್ತೀಯಾ?"

ಪಕ್ಕದಲ್ಲಿದ್ದ ಯಾವಳೋ ಕಿಸಕ್ಕನೆ ನಕ್ಕಳು. ತನ್ನ ಸಂಸಾರದ ನಾಲ್ವರಿಗೆ ಎಷ್ಟು ದೊಡ್ಡದು ಬೇಕು ಎಂದು ದೊಡ್ಡವಳು ಯೋಚಿಸಲು ಹೋದಳು. ಕೈ ಚಾಚಿ, ಕಿರಿದು ಮಾಡಿ, ಮತ್ತೆ ಕಿರಿದು ಮಾಡಿ ಗಾಳಿಯಲ್ಲಿ ಅಳೆದಳು. ಕೊನೆಗೆ ಗೋಡೆಯ ಬದಿಯಲ್ಲಿ ಕಂಡಿತು: ಪುಟ್ಟ ಕುಕ್ಕರು. ಗಟ್ಟಿ ತಳ, ಕರಿ ಹಿಡಿ, ಕಂಕುಳಲ್ಲಿ ಇಟ್ಟುಕೊಂಡು ನಡೆಯಬಹುದಾದಷ್ಟು ಸಣ್ಣದು. ಎರಡೆರಡನ್ನು ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು ಹುರಿಯಿಂದ ಬಿಗಿದಿದ್ದರು. ಒಂದು ಸಾಕಿತ್ತು ಎಂದಳು. ಗೋದಾಮಿನವನು ತಲೆಯೆತ್ತದೆ, "ಬೋರ್ಡು ನೋಡಿಮ್ಮಾ. ಕಾಣಲ್ವಾ? ಕನ್ನಡಕ ಹಾಕ್ಕೊಳ್ಳಿ," ಎಂದ. ಊರಿನ ಅರ್ಧ ಜನಕ್ಕೆ ಕನ್ನಡಕ ಹಾಕಿಸಿದವಳು ತಲೆಯೆತ್ತಿ ಓದಿದಳು. 'ಜೋಡಿ ಬಿಡಿಸಿ ಕೊಡಲಾಗುವುದಿಲ್ಲ.' ಕ್ಲಚ್ಚಮ್ಮನಿಗೆ ಇನ್ನೊಂದು ಬೇಡ. ಅವಳ ಮನೆಯಲ್ಲಿ ಇರುವುದನ್ನೇ ಇಡಲು ಜಾಗವಿಲ್ಲ. ಏನು ಮಾಡುವುದೆಂದು ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತಿದ್ದಾಗ ಲವಂಗದ ವಾಸನೆ ಬಂತು.

ಲೋಹವಾಸನೆಯ ಮಧ್ಯೆ ಒಂದು ಎಳೆ ಲವಂಗ. ಹಿಂದೆಯೇ ಗುಡ್ಡೆಯ ಆಚೆಯಿಂದ ಟಕಟಕ, ಸ್ವಲ್ಪ ತಡೆದು, ಟಕ್. ಆಮೇಲೆ ದನಿ: "ಒಂದೇ ಸಾಕು ಅಣ್ಣಾ, ಎರಡು ತಗೊಂಡು ನಾನೇನು ಮಾಡ್ಲಿ? ಈಗ ತಾನೇ ಹೊಸ ಸಂಸಾರ ಮಾಡ್ತಿರೋದು, ಸಣ್ಣದು."

ದೊಡ್ಡವಳು ಮುಚ್ಚಳಗಳ ಗುಡ್ಡೆಯ ಹಿಂದೆ ಕುಕ್ಕುರುಗಾಲಲ್ಲಿ ಕೂತುಬಿಟ್ಟಳು. "ಏನಾಯ್ತೇ?" ಎಂದು ಬಾಯಿ ತೆರೆದ ಕ್ಲಚ್ಚಮ್ಮನನ್ನು ಸೆರಗು ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಮುಚ್ಚಳಗಳ ಸಂದಿಯಿಂದ ಚಿಕ್ಕವಳ ಹಸಿರು ಚಪ್ಪಲಿ ಕಾಣುತ್ತಿತ್ತು, ಚೀಲದಿಂದ ಇಣುಕುವ ಹೊಸ ಸೌಟಿನ ತುದಿ ಕಾಣುತ್ತಿತ್ತು. ಹೊಸ ಸಂಸಾರವಂತೆ. ಸಣ್ಣದಂತೆ. ಮೊದಲು ನಗು ಬರಬೇಕಿತ್ತು, ಬರಲಿಲ್ಲ. ಹೆಗಲ ಮೇಲಿನ ಭಾರ ಇಳಿಯಬೇಕಿತ್ತು, ಇಳಿಯಲಿಲ್ಲ. ಬಂದದ್ದು ಅವಮಾನ. ಎಷ್ಟು ರಾತ್ರಿ ಮಗ್ಗುಲು ಬದಲಿಸಿದ್ದಳು, ಪಾಪ ಚಿಕ್ಕವಳು, ಪಾಪ ಒಬ್ಬಳೇ ಹೇಗೆ ಮಾಡುತ್ತಾಳೆ ಎಂದು! ಹೋಗುವ ಮೊದಲು ಅವಳಿಗೆ ಎಲ್ಲರ ಅಳತೆ ಹೇಳಿಕೊಡಬೇಕು, ವಾರಕ್ಕೆ ಎರಡು ದಿನ ಬಂದು ಕೈಜೋಡಿಸಬೇಕು ಎಂದು ಲೆಕ್ಕ ಹಾಕಿದ್ದಳು. ಇವಳು ತನ್ನ ಬಗ್ಗೆ ಒಂದು ಮಗ್ಗುಲಾದರೂ ಬದಲಿಸಿದ್ದಳೇ? ತಾನು ಬಿಟ್ಟು ಹೊರಟವಳು ಎಂದುಕೊಂಡಿದ್ದಳು. ಇಲ್ಲಿ ನೋಡಿದರೆ ಬಿಟ್ಟುಹೋಗಲ್ಪಡುವವಳು. ಬಿಡುವವಳಿಗೆ ಇರುವ ದೊಡ್ಡಸ್ತಿಕೆ ಹಿಂದೆ ಉಳಿದವಳಿಗೆ ಇಲ್ಲ. ನಾನಿಲ್ಲದೆ ಆ ಮನೆ ನಡೆಯಲಿಕ್ಕಿಲ್ಲ ಅನ್ನುವ ಹಮ್ಮನ್ನೇ ಇಷ್ಟು ದಿನ ಕರುಣೆ ಎಂದು ಕರೆದುಕೊಂಡೆನಲ್ಲ ಎಂದು ತನ್ನ ಮೇಲೇ ನಾಚಿಕೆಯಾಯಿತು. ಸುಮ್ಮನೆ ಹಿಂಬಾಗಿಲಿನಿಂದ ಹೋಗಿಬಿಡಬಹುದು. ಇವಳೇ ಮೊದಲು ಬಾಯಿ ಬಿಡಲಿ ಎಂದು ಕಾದರೆ ಆಯಿತು. ಇನ್ನೊಂದು ವಾರ, ತಿಂಗಳು. ಮನೆ ಒಡೆದವಳು ಎಂಬ ಹೆಸರು ತಾನಾಗಿ ಹೋಗಿ ಅವಳಿಗೆ ಅಂಟುತ್ತದೆ. ತಾನು ಕಣ್ಣೊರೆಸಿಕೊಂಡು ಬರೀ ಬೇರೆ ಹೋದವಳಾಗಬಹುದು. ಎಷ್ಟು ಸಲೀಸು! ಕ್ಲಚ್ಚಮ್ಮ ಕೂಡ ಕಣ್ಣಲ್ಲೇ ಹಿಂಬಾಗಿಲು ತೋರಿಸಿದಳು.

ಆಗ ಗುಡ್ಡೆಯ ಆಚೆ ಮತ್ತೆ ಟಕಟಕ, ಟಕ್. ಚಿಕ್ಕವಳು ಕುಕ್ಕರಿನ ಆಸೆ ಬಿಟ್ಟು ಇನ್ನೇನನ್ನೋ ಎತ್ತಿಕೊಂಡಿದ್ದಳು. ಸದ್ದು ಟೊಳ್ಳಾಗಿತ್ತು. "ಇದೇ ಕೊಡಿ," ಎನ್ನುವುದು ಕೇಳಿಸಿತು. ಇಷ್ಟು ವರ್ಷ ಕಲಿಸಿದೆ, ತಟ್ಟುವುದು ಬಂತು, ಕೇಳುವುದು ಬರಲಿಲ್ಲ! ದೊಡ್ಡವಳು ಎದ್ದಳು. ಮುಚ್ಚಳಗಳು ಗಲಗಲ ಉರುಳಿದವು. ಗೋದಾಮಿನ ಅರ್ಧ ಜನ ತಿರುಗಿ ನೋಡಿದರು. ಅವಳು ಸೀದಾ ಹೋಗಿ ಚಿಕ್ಕವಳ ಕೈಯಿಂದ ಬಾಣಲೆ ಕಿತ್ತುಕೊಂಡಳು.

"ಇದು ಬೇಡ. ತಳ ತೆಳು, ನಾಳೆನೇ ಸೀದು ಹೋಗತ್ತೆ."

ಚಿಕ್ಕವಳ ಮುಖ ಸುಣ್ಣವಾಯಿತು. ದವಡೆಯಿಂದ ಲವಂಗ ಜಾರಿ ತುಟಿಗೆ ಬಂತು.

"ಹಲ್ಲು ಹೇಗಿದೆ?" ಎಂದಳು ದೊಡ್ಡವಳು.

ಚಿಕ್ಕವಳು ದೊಡ್ಡವಳ ಹಿಂದೆ ಸೆರಗು ಕೊಡವುತ್ತ ಎದ್ದ ಕ್ಲಚ್ಚಮ್ಮನನ್ನು ನೋಡಿದಳು, ಚೀಲ ನೋಡಿದಳು. "ಇವರ... ಚಿಕ್ಕಮ್ಮ ಹೇಗಿದ್ದಾರೆ?"

"ನನ್ನ ಚಿಕ್ಕಮ್ಮ ಸತ್ತು ಹತ್ತು ವರ್ಷ ಆಯ್ತು," ಎಂದಳು ಕ್ಲಚ್ಚಮ್ಮ. "ಆ ಜೋಡಿ ಕುಕ್ಕರ್ ಕಟ್ಟಿಸ್ರೇ, ಸುಮ್ನೆ ನಿಂತಿದೀರಲ್ಲ ಇಬ್ಬರೂ."

ವಾಪಸು ಬರುವಾಗ ಪೆಟ್ಟಿಗೆ ಹಿಂದಿನ ಸೀಟಿನಲ್ಲಿ ಚಿಕ್ಕವಳ ಪಕ್ಕ ಕೂತಿತ್ತು. ಹೊಲಗಳು, ಗ್ಯಾರೇಜುಗಳು, ಅರ್ಧ ಕಟ್ಟಿ ಬಿಟ್ಟ ಮನೆಗಳು ಹಿಂದಕ್ಕೆ ಸರಿದವು. ಕೊನೆಗೆ ದೊಡ್ಡವಳು ಹಿಂತಿರುಗದೆಯೇ ಕೇಳಿದಳು, "ನಾನೇನು ಕಡಿಮೆ ಮಾಡಿದ್ದೆ ನಿನಗೆ?"

"ಕಡಿಮೆ ಏನಿಲ್ಲ ಅಕ್ಕಾ." ಚಿಕ್ಕವಳು ಪೆಟ್ಟಿಗೆಯ ಹುರಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. "ನಾನು ಏನು ಮಾಡಿದ್ರೂ ಕೊನೇಲಿ ನೀವು ಬಂದು ಒಂದು ಚಿಟಿಕೆ ಉಪ್ಪು ಹಾಕ್ತೀರಿ. ಬೇಳೆಗೆ, ತರಕಾರಿಗೆ, ಎಲ್ಲದಕ್ಕೂ. ರುಚಿ ನೋಡಲ್ಲ. ಸುಮ್ನೆ ಹಾಕಿ ಹೋಗ್ತೀರಿ. ಹನ್ನೆರಡು ವರ್ಷ ಆಯ್ತು. ನನ್ನ ಕೈದು ಅಂತ ಒಂದು ತುತ್ತೂ ಇದುವರೆಗೂ ಯಾರೂ ತಿಂದಿಲ್ಲ ಅಕ್ಕಾ. ನಾನೂ ತಿಂದಿಲ್ಲ."

ದೊಡ್ಡವಳಿಗೆ ಹಾಗೆ ಹಾಕಿದ್ದು ಒಂದು ಸಲವೂ ನೆನಪಾಗಲಿಲ್ಲ. ಅದೇ ಅವಳನ್ನು ಹೆದರಿಸಿತು. ನೆನಪಿದ್ದರೆ ಅಲ್ಲ ಎಂದು ವಾದಿಸಬಹುದಿತ್ತು. ಅಂಗೈ ನೋಡಿಕೊಂಡಳು, ಹೆಬ್ಬೆರಳು ತೋರುಬೆರಳು ಈಗಲೂ ಚಿಟಿಕೆ ಹಿಡಿದ ಹಾಗೆ ಕೂಡಿಕೊಂಡಿದ್ದವು.

"ನಾನೇನು ಬೇಕಂತ ಹಾಕಿದ್ನಾ?" ಎಂದಳು, ಮೆಲ್ಲಗೆ.

ಕ್ಲಚ್ಚಮ್ಮ ಹೋ ಎಂದು ನಕ್ಕಳು. ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಗುವಷ್ಟು ನಕ್ಕು, "ಕಾಲು ನೋಡೇ, ಕಾಲು!" ಎಂದಳು. ಚಕ್ಕಳಮಕ್ಕಳ ಯಾವಾಗ ಬಿಚ್ಚಿತ್ತೋ, ಬಲಗಾಲು ಮತ್ತೆ ಬ್ರೇಕಿನ ಮೇಲಿತ್ತು. ಚಿಕ್ಕವಳೂ ನಕ್ಕಳು. ದೊಡ್ಡವಳು ಕಾಲೆತ್ತಿದಳು. ಅವಳಿಗೂ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಎರಡನ್ನೂ ಒರೆಸಿಕೊಳ್ಳಲು ಹೋಗಲಿಲ್ಲ. ಕ್ಲಚ್ಚಮ್ಮನ ಬೀದಿಯ ತಿರುವು ಬಂದಾಗ ಹೇಳಿದಳು, "ತಿರುಗಿಸಬೇಡ. ನಮ್ಮನೆ ಬಾಗಿಲಿಗೇ ಹೋಗು."

"ಮಂಚದ ಕೆಳಗೆ?"

"ಮಂಚದ ಕೆಳಗೆ ಇಡೋಕೆ ಇದೇನು ಕದ್ದ ಮಾಲಾ? ಹೋಗಿ ಹಾರ್ನ್ ಹೊಡಿ."

"ಅಕ್ಕಾ, ಯಾರು ಹೇಳೋದು?" ಎಂದಳು ಚಿಕ್ಕವಳು. ಅವಳ ದನಿಯಲ್ಲಿದ್ದ ಹೆದರಿಕೆಯನ್ನು ದೊಡ್ಡವಳು ತಟ್ಟನೆ ಗುರುತಿಸಿದಳು. ತನ್ನದೇ ಹೆದರಿಕೆ, ಅದೇ ಅಳತೆಯದು.

"ನಾನೇ. ದೊಡ್ಡವಳು ಅಂತ ಸುಮ್ನೆ ಕರೀತಾರಾ?"

ಹಾರ್ನಿಗೆ ಅತ್ತೆಯೇ ಬಾಗಿಲಿಗೆ ಬಂದರು, ಬೆರಳಲ್ಲಿ ಬೆಳ್ಳುಳ್ಳಿ ಸಿಪ್ಪೆ. ಹಲ್ಲಿನ ಡಾಕ್ಟರ ಹತ್ತಿರ ಹೋದವಳೂ ಆಸ್ಪತ್ರೆಗೆ ಹೋದವಳೂ ಒಂದೇ ಕಾರಿನಿಂದ ಇಳಿದದ್ದನ್ನು ನೋಡಿದರು. ಇಬ್ಬರೂ ಆಚೆ ಈಚೆ ಹಿಡಿದು ತಂದ ಪೆಟ್ಟಿಗೆಯನ್ನು ನೋಡಿದರು. ಅದನ್ನು ನಡುಮನೆಯಲ್ಲಿ ಇಳಿಸಿ, ಹುರಿ ಬಿಚ್ಚಿ, ದೊಡ್ಡವಳು ನೆಟ್ಟಗೆ ನಿಂತು ಹೇಳಿದಳು:

"ಅತ್ತೆ, ನಾನು ಒಲೆ ಬೇರೆ ಮಾಡ್ತಿದ್ದೀನಿ. ಇವಳೂ ಮಾಡ್ತಾಳೆ. ಆದರೆ ಮೊದಲು ಹೇಳಿದ್ದು ನಾನು. ಯಾರು ಕೇಳಿದ್ರೂ ಹಾಗೇ ಹೇಳಿ."

ದಾರಿಯಲ್ಲಿ ಇಷ್ಟು ಕಷ್ಟಪಟ್ಟು ಹೊತ್ತು ತಂದ ಮಾತು ಬಾಯಿಂದ ಬೀಳುವಾಗ ಹಗುರವಾಗಿತ್ತು. ಅತ್ತೆಯ ಕತ್ತು ಬಗ್ಗುವುದನ್ನು ಕಾದಳು. ಕತ್ತು ಬಗ್ಗಿತು, ಅವರು ಮಂಡಿಯ ಮೇಲೆ ಕೈಯೂರಿ ಬಗ್ಗಿ ಪೆಟ್ಟಿಗೆಯಿಂದ ಒಂದು ಕುಕ್ಕರು ಎತ್ತಿದರು. ಗೆಣ್ಣಿನಿಂದ ಟಕಟಕ, ತಡೆದು ಟಕ್. ಕಿವಿಗೆ ಹಿಡಿದರು. ಆ ಸದ್ದು ಪೂರ್ತಿ ಸಾಯುವವರೆಗೆ ಹಿಡಿದೇ ಇದ್ದರು.

"ಎರಡೇ ತಂದ್ರಾ?" ಎಂದರು.

ಯಾರಿಗೂ ಅರ್ಥವಾಗಲಿಲ್ಲ.

"ನನಗೊಂದು ತರಬೇಕು ಅನ್ನಿಸಲಿಲ್ವಾ ನಿಮಗೆ? ನೀನು ಆ ಕುರ್ಚಿ ಹಾಕಿದ ಮೇಲೆ ನಾನು ನನ್ನ ಕೈಯಾರೆ ಒಂದು ಲೋಟ ಚಹಾ ಕಾಯಿಸಿದ್ದೀನಾ, ನೆನಪು ಮಾಡ್ಕೊಂಡು ಹೇಳು ನೋಡೋಣ."

ದನಿಯಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. ಹವೆ ಬಗ್ಗೆ ಹೇಳಿದ ಹಾಗೆ ಹೇಳಿದರು. ದೊಡ್ಡವಳು ಬಾಯಿ ತೆರೆದಳು. 'ನಿಮ್ಮ ಮಂಡಿ', 'ನಿಮಗೆ ಕಷ್ಟ ಆಗಬಾರದು ಅಂತ', 'ನಾನೇನು ಬೇಕಂತ' ಎಲ್ಲವೂ ನಾಲಿಗೆಯ ತುದಿಯವರೆಗೆ ಬಂದವು. ಇವತ್ತಿಗೆ ಆ ಮಾತು ಸಾಕಾಗಿತ್ತು.

"ಕೂತ್ಕೋ," ಎಂದರು ಅತ್ತೆ, ಕುರ್ಚಿ ತೋರಿಸಿ. ಕುಕ್ಕರು ಕೈಯಲ್ಲೇ ಹಿಡಿದುಕೊಂಡು, ಒಂದು ಕಾಲು ಎಳೆಯುತ್ತ, ಅಡುಗೆಮನೆಯೊಳಗೆ ಹೋದರು. ಹಿಂದೆ ಹೋಗಲು ಹೊರಟ ಚಿಕ್ಕವಳನ್ನು ದೊಡ್ಡವಳು ಕೈ ಅಡ್ಡ ಹಿಡಿದು ನಿಲ್ಲಿಸಿದಳು. ನಂತರ ಕೂತಳು. ಕುರ್ಚಿ ತಾನು ತಿಳಿದದ್ದಕ್ಕಿಂತ ತಗ್ಗಾಗಿತ್ತು. ಅಲ್ಲಿಂದ ನೋಡಿದರೆ ಒಲೆ ಕಾಣುತ್ತಿರಲಿಲ್ಲ. ಒಲೆಯ ಮುಂದೆ ನಿಂತವರ ಬೆನ್ನು ಮಾತ್ರ ಕಾಣುತ್ತಿತ್ತು. ಇಷ್ಟು ವರ್ಷ ಅತ್ತೆ ನೋಡಿದ್ದು ತನ್ನ ಬೆನ್ನನ್ನು. ಒಳಗೆ ಡಬ್ಬಿಗಳ ಮುಚ್ಚಳ ತೆಗೆದು ಹಾಕುವ ಸದ್ದು, ಎಲ್ಲಿ ಏನಿದೆ ಎಂದು ತಿಳಿಯದೆ ತಡಕುವ ಸದ್ದು. ಮೇಲಿನ ಸಾಲಲ್ಲಿ ಎಡಗಡೆ ಎಂದು ಕೂಗಿ ಹೇಳುವ ಮನಸ್ಸಾಯಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತಳು. ನೀರು ಕುದಿಯಿತು. ಚಮಚ ಲೋಟಕ್ಕೆ ತಾಗಿತು.

"ಸಕ್ಕರೆ ಎಷ್ಟು ಹಾಕಲೇ ನಿನಗೆ?" ಎಂದು ಅತ್ತೆ ಒಳಗಿನಿಂದ ಕೇಳಿದರು.

ದೊಡ್ಡವಳು ಯೋಚಿಸಿದಳು. ಕತ್ತಲೆ ಕೋಣೆಯಲ್ಲಿ ತಬ್ಬಿಬ್ಬಾಗುವ ತನ್ನ ಗಿರಾಕಿಗಳ ಹಾಗೆ, ಬಹಳ ಹೊತ್ತು, ನಾಚಿಕೆಯಿಲ್ಲದೆ ಯೋಚಿಸಿದಳು. ಹೊರಗೆ ಕ್ಲಚ್ಚಮ್ಮ ಇನ್ನೂ ಎಂಜಿನ್ ಆರಿಸಿರಲಿಲ್ಲ.

"ಒಂದು ಹಾಕಿ ನೋಡಿ ಅತ್ತೆ," ಎಂದಳು. "ಕುಡಿದು ಹೇಳ್ತೀನಿ."